ಕೃಷಿ ಕೆಲಸಕ್ಕೆ ಸೆಕೆಂಡ್ ಹ್ಯಾಂಡ್ ಪಿಕಪ್: ಹುಡುಕಾಟದಿಂದ ಮೊದಲ ಲೋಡಿನವರೆಗೆ

ನಾನು ಕೊಂಡ ಮೊದಲ ಹಳೆಯ ಪಿಕಪ್‌ಗೆ ಅಚ್ಚ ಬಿಳಿಯ ಹೊಸ ಬಣ್ಣ ಬಳಿದಿತ್ತು, ಸೀಟಿಗೆ ಹೊಸ ಕವರ್ ಹಾಕಿತ್ತು, ಟೈರುಗಳಿಗೆ ಕಪ್ಪು ಪಾಲಿಶ್ ಹಚ್ಚಿತ್ತು. ಮಾರಿದವರು ತರಕಾರಿ ಸಾಗಿಸುತ್ತಿದ್ದ ಗಾಡಿ ಎಂದಿದ್ದರು. ಜೂನ್ ತಿಂಗಳ ಮೊದಲ ಮಳೆಗೆ ಹಿಂದಿನ ಲೋಡ್ ಬಾಡಿ ನೆನೆದಾಗ ಮೀನಿನ ವಾಸನೆ ಎದ್ದಿತು. ಅನುಮಾನ ಬಂದು ಕ್ಯಾಬಿನ್ನಿನ ರಬ್ಬರ್ ಮ್ಯಾಟ್ ಎತ್ತಿ, ಕ್ಲಚ್ ಪೆಡಲಿನ ಕೆಳಗಿನ ತಗಡನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ತಗಡು ಹಪ್ಪಳದ ಹಾಗೆ ಮುರಿದು ಕೆಳಗಿನ ನೆಲ ಕಂಡಿತು. ಕರಾವಳಿಯಲ್ಲಿ ಮೀನಿನ ಪೆಟ್ಟಿಗೆ ಹೊತ್ತ ಗಾಡಿ ಅದು. ಐಸ್ ಕರಗಿ ಸೋರಿದ ಉಪ್ಪುನೀರು ವರ್ಷಗಟ್ಟಲೆ ಗಾಡಿಯ ಅಡಿಚೌಕಟ್ಟಾದ ಚಾಸಿಯ ಮೇಲೆ ಹರಿದಿತ್ತು. ಇಂಜಿನ್ ಚೆನ್ನಾಗಿಯೇ ಇತ್ತು, ಆದರೆ ಇಂಜಿನ್ನನ್ನು ಹೊತ್ತ ಕಬ್ಬಿಣ ಚೆನ್ನಾಗಿರಲಿಲ್ಲ.

ಆ ಬಳಿಕ ನನಗಾಗಿ ಮತ್ತು ನೆಂಟರಿಷ್ಟರಿಗಾಗಿ ಹಲವು ಗಾಡಿಗಳನ್ನು ನೋಡಿ ಕೊಟ್ಟಿದ್ದೇನೆ. ಪಿಕಪ್‌ನ ವಯಸ್ಸಿಗಿಂತ, ಮೀಟರಿನಲ್ಲಿ ಕಾಣುವ ಕಿಲೋಮೀಟರಿಗಿಂತ, ಅದು ಇಷ್ಟು ವರ್ಷ ಯಾವ ಹೊರೆಯನ್ನು ಎಂಥ ದಾರಿಯಲ್ಲಿ ಹೊತ್ತಿದೆ ಎಂಬುದೇ ಅದರ ಮುಂದಿನ ಆಯುಸ್ಸನ್ನು ತೀರ್ಮಾನಿಸುತ್ತದೆ ಎಂಬುದು ನನ್ನ ಅನುಭವ. ಕೆಳಗಿನ ಪ್ರತಿಯೊಂದು ಪರೀಕ್ಷೆಯೂ ಆ ಚರಿತ್ರೆಯನ್ನು ಗಾಡಿಯಿಂದಲೇ ಓದಿಕೊಳ್ಳುವ ದಾರಿಯಾಗಿದೆ.

1. ಗಾಡಿ ನೋಡುವ ಮುಂಚೆ ಹೊರೆಯ ಲೆಕ್ಕ ಹಾಕಿ

ಹೆಚ್ಚಿನವರು ಮೊದಲು ಗಾಡಿ ಇಷ್ಟಪಟ್ಟು, ಆಮೇಲೆ ಅದಕ್ಕೆ ಕೆಲಸ ಹುಡುಕುತ್ತಾರೆ. ಇದನ್ನು ತಿರುಗಿಸಿ ಮಾಡಬೇಕು. ವರ್ಷದಲ್ಲಿ ಅತಿ ಹೆಚ್ಚು ತೂಕ ಹೊರಬೇಕಾದ ದಿನ ಯಾವುದು, ಆ ದಿನ ಎಷ್ಟು ಹೊರಬೇಕು ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಕೋಲಾರದ ಕಡೆ ಟೊಮೆಟೊ ಬಾಕ್ಸ್ ಎಂದರೆ 15 ಕಿಲೋ. 100 ಬಾಕ್ಸ್ ಹಾಕಿದರೆ ಹಣ್ಣಿನ ತೂಕವೇ 1,500 ಕಿಲೋ ಆಗುತ್ತದೆ, ಖಾಲಿ ಕ್ರೇಟಿನ ತೂಕ ಬೇರೆ. ಯೂರಿಯಾ ಚೀಲ 45 ಕಿಲೋ, ಡಿಎಪಿ ಚೀಲ 50 ಕಿಲೋ; ಎರಡೂ ಸೇರಿ 25 ಚೀಲ ತಂದರೆ ಒಂದು ಟನ್ ದಾಟಿತು. ಹಾಲಿನ ಕ್ಯಾನು, ಹಸಿರು ಮೇವು, ಹೂವಿನ ಮೂಟೆ, ರೇಷ್ಮೆಗೂಡು ಇವಿಷ್ಟೇ ನಿಮ್ಮ ಸಾಗಣೆಯಾದರೆ ಒಂದೂವರೆ ಟನ್ನಿನ ಗಾಡಿಗೆ ಹಣ ಸುರಿಯಬೇಕಾಗಿಲ್ಲ.

ಟಾಟಾ ಏಸ್, ಮಾರುತಿ ಸೂಪರ್ ಕ್ಯಾರಿ ಮುಂತಾದ ಚಿಕ್ಕ ಗಾಡಿಗಳ ಸಾಮರ್ಥ್ಯ ಸುಮಾರು ಮುಕ್ಕಾಲು ಟನ್. ಅಶೋಕ್ ಲೇಲ್ಯಾಂಡ್ ದೋಸ್ತ್, ಟಾಟಾ ಇಂಟ್ರಾ ಒಂದರಿಂದ ಒಂದೂವರೆ ಟನ್ನಿನ ಸುತ್ತಮುತ್ತ ಬರುತ್ತವೆ. ಮಹೀಂದ್ರ ಬೊಲೆರೊ ಪಿಕಪ್‌ನಲ್ಲಿ 1.3, 1.5, 1.7 ಟನ್ನಿನ ಬೇರೆ ಬೇರೆ ಆವೃತ್ತಿಗಳಿವೆ, ಮತ್ತು ಹೊರಗಿನಿಂದ ನೋಡಿದರೆ ಇವುಗಳ ವ್ಯತ್ಯಾಸ ಎಲ್ಲರಿಗೂ ತಿಳಿಯುವುದಿಲ್ಲ. ಆದ್ದರಿಂದ ಮಾರುವವರ ಬಾಯಿಮಾತನ್ನು ಬಿಟ್ಟು, ನೋಂದಣಿ ಪತ್ರವಾದ ಆರ್‌ಸಿ ತೆಗೆದು ನೋಡಿ. ಅದರಲ್ಲಿ ಖಾಲಿ ತೂಕ ಮತ್ತು ಹೊರೆ ಸಹಿತವಾದ ಒಟ್ಟು ತೂಕ ಎಂಬ ಎರಡು ಅಂಕಿಗಳಿರುತ್ತವೆ; ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದೇ ನೀವು ಕಾನೂನುಬದ್ಧವಾಗಿ ಹೊರಬಹುದಾದ ತೂಕ, ಚಾಲಕ ಮತ್ತು ಜೊತೆಗಾರರ ತೂಕವೂ ಅದರೊಳಗೇ ಸೇರುತ್ತದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಅತಿಭಾರಕ್ಕೆ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ಎಂದಿದೆ. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಾಗುವುದಿಲ್ಲ ಎಂಬುದನ್ನೂ ಇದೇ ಅಂಕಿ ನೋಡುವಾಗ ನೆನಪಿಡಿ.

ತೂಕದಷ್ಟೇ ಮುಖ್ಯವಾದದ್ದು ದಾರಿ. ಬಯಲುಸೀಮೆಯ ಕಪ್ಪು ಮಣ್ಣಿನಲ್ಲಿ ಮಳೆ ಬಿದ್ದ ದಿನ ಚಿಕ್ಕ ಚಕ್ರದ ಗಾಡಿ ಹೂತುಹೋಗುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಏರಿನಲ್ಲಿ ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿ ಬೇಕೆನ್ನಿಸುವುದು ಸಹಜ, ಆದರೆ ಅಂಥ ಗಾಡಿಯ ಬಿಡಿಭಾಗ ಮತ್ತು ದುರಸ್ತಿ ಎರಡೂ ದುಬಾರಿ. ಮಳೆಗಾಲದ ಎಷ್ಟು ದಿನ ನಿಜವಾಗಿ ಅದು ಬೇಕಾಗುತ್ತದೆ ಎಂದು ಎಣಿಸಿ ನೋಡಿ. ಹತ್ತೋ ಹದಿನೈದೋ ದಿನವಾದರೆ ಆ ದಿನಗಳಿಗೆ ಟ್ರ್ಯಾಕ್ಟರ್ ಬಳಸುವುದೇ ಲೇಸು.

2. ಯಾವ ಕಾಲದ ಇಂಜಿನ್ ಎಂಬುದನ್ನು ನಿರ್ಧರಿಸಿ

ನಮ್ಮ ದೇಶದಲ್ಲಿ 2017ರ ಏಪ್ರಿಲ್ 1ರಿಂದ ಬಿಎಸ್-4 ಎಂಬ ಹೊಗೆ ಮಾಲಿನ್ಯದ ಮಾನದಂಡ ಎಲ್ಲೆಡೆ ಕಡ್ಡಾಯವಾಯಿತು, 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದಿತು. ಈ ಎರಡು ತಾರೀಖುಗಳು ಕೊಳ್ಳುವವರಿಗೆ ಬಹಳ ಮುಖ್ಯ. ಮೆಕ್ಯಾನಿಕಲ್ ಡೀಸೆಲ್ ಪಂಪ್ ಇರುವ ಹಳೆಯ ಡಿಐ (ಡೈರೆಕ್ಟ್ ಇಂಜೆಕ್ಷನ್) ಇಂಜಿನ್ನುಗಳನ್ನು ಹೋಬಳಿ ಮಟ್ಟದ ಗ್ಯಾರೇಜಿನಲ್ಲಿಯೇ ಬಿಚ್ಚಿ ಜೋಡಿಸುವವರಿದ್ದಾರೆ. ಕಂಪ್ಯೂಟರ್ ನಿಯಂತ್ರಣದಲ್ಲಿ ಡೀಸೆಲ್ ಸಿಂಪಡಿಸುವ ಕಾಮನ್ ರೈಲ್ ಇಂಜಿನ್ನಿನಲ್ಲಿ ಎಳೆತವೂ ಮೈಲೇಜೂ ಚೆನ್ನಾಗಿರುತ್ತವೆ, ಆದರೆ ದೋಷ ಹುಡುಕಲು ಸ್ಕ್ಯಾನರ್ ಬೇಕು, ಕಲಬೆರಕೆ ಡೀಸೆಲ್ ಬಿದ್ದು ಇಂಜೆಕ್ಟರುಗಳು ಕೆಟ್ಟರೆ ಖರ್ಚು ದೊಡ್ಡದು.

ಬಿಎಸ್-6 ಡೀಸೆಲ್ ಗಾಡಿಯ ವಿಷಯದಲ್ಲಿ ರೈತರಿಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಇವುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಗಾಡಿ ಸ್ವಲ್ಪ ಹೊತ್ತು ಒಂದೇ ಸಮನೆ ವೇಗವಾಗಿ ಓಡಿದಾಗ ಆ ಫಿಲ್ಟರ್ ಕಾದು, ಹಿಡಿದ ಮಸಿ ತಾನಾಗಿ ಸುಟ್ಟುಹೋಗುವಂತೆ ಅದನ್ನು ರೂಪಿಸಲಾಗಿದೆ. ಮನೆಯಿಂದ ತೋಟಕ್ಕೆ ಎರಡು ಕಿಲೋಮೀಟರ್, ತೋಟದಿಂದ ಡೇರಿಗೆ ಒಂದು ಕಿಲೋಮೀಟರ್ ಎಂದು ದಿನವಿಡೀ ಎರಡನೇ ಗೇರಿನಲ್ಲಿ ತಿರುಗುವ ಗಾಡಿಗೆ ಆ ಅವಕಾಶವೇ ಸಿಗುವುದಿಲ್ಲ. ಫಿಲ್ಟರ್ ಕಟ್ಟಿಕೊಂಡು ಮೀಟರ್ ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಎಳೆತ ಕಡಿಮೆಯಾಗುತ್ತದೆ. ವಾರಕ್ಕೆರಡು ಬಾರಿಯಾದರೂ ಹೆದ್ದಾರಿಯಲ್ಲಿ ಮಾರುಕಟ್ಟೆಗೆ ಹೋಗುವವರಿಗೆ ಬಿಎಸ್-6 ಒಳ್ಳೆಯದೇ. ಬರೀ ಊರೊಳಗೆ ಓಡಿಸುವವರು ಸುಸ್ಥಿತಿಯಲ್ಲಿರುವ ಬಿಎಸ್-4 ಗಾಡಿಯನ್ನೋ ಚಿಕ್ಕ ಪೆಟ್ರೋಲ್ ಗಾಡಿಯನ್ನೋ ಹುಡುಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸಿಎನ್‌ಜಿ ಗಾಡಿಯಾದರೆ ಹತ್ತಿರದಲ್ಲಿ ಬಂಕ್ ಇದೆಯೇ ಎಂಬುದರ ಜೊತೆಗೆ, ಮೂರು ವರ್ಷಕ್ಕೊಮ್ಮೆ ಮಾಡಿಸಬೇಕಾದ ಸಿಲಿಂಡರ್ ಪರೀಕ್ಷೆಯ ಪ್ರಮಾಣಪತ್ರವನ್ನೂ ಕೇಳಿ.

ಅಂತಿಮವಾಗಿ ನಿಮ್ಮ ತಾಲ್ಲೂಕಿನಲ್ಲಿ ಯಾವ ಗಾಡಿ ಹೆಚ್ಚು ಓಡುತ್ತದೆಯೋ ಅದಕ್ಕೆ ಮೊದಲ ಆದ್ಯತೆ ಕೊಡಿ. ಕಳೆ ತೆಗೆಯುವ ಕಾಲದಲ್ಲೋ ಕೊಯ್ಲಿನ ಕಾಲದಲ್ಲೋ ಗಾಡಿ ನಿಂತಾಗ, ಸಂಜೆಯೊಳಗೆ ಕ್ಲಚ್ ಪ್ಲೇಟ್ ಸಿಗುವ ಗಾಡಿಯೇ ನಿಮ್ಮ ಪಾಲಿಗೆ ಒಳ್ಳೆಯ ಗಾಡಿ.

3. ಎಲ್ಲಿ ಹುಡುಕಬೇಕು

ಪರಿಚಯದ ರೈತನೊಬ್ಬ ಹೊಸದು ಕೊಳ್ಳಲು ಹಳೆಯದನ್ನು ಮಾರುತ್ತಿದ್ದರೆ ಅದಕ್ಕಿಂತ ಉತ್ತಮ ಮೂಲವಿಲ್ಲ, ಏಕೆಂದರೆ ಆ ಗಾಡಿ ಏನು ಹೊತ್ತಿತು ಎಂಬುದನ್ನು ಊರೇ ಕಂಡಿರುತ್ತದೆ. ಕಂಪನಿಗಳ ಡೀಲರುಗಳಲ್ಲಿ ವಿನಿಮಯಕ್ಕೆ ಬಂದ ಗಾಡಿಗಳಿಗೆ ಬೆಲೆ ತುಸು ಹೆಚ್ಚು, ಕಾಗದ ಸಾಮಾನ್ಯವಾಗಿ ಸರಿಯಾಗಿರುತ್ತದೆ. ಫೈನಾನ್ಸ್ ಕಂಪನಿಗಳು ಕಂತು ಕಟ್ಟದವರಿಂದ ವಶಪಡಿಸಿಕೊಂಡು ಯಾರ್ಡಿನಲ್ಲಿ ಹರಾಜು ಹಾಕುವ ಗಾಡಿಗಳು ಅಗ್ಗವಾಗಿ ಕಾಣುತ್ತವೆ. ಆದರೆ ಅಲ್ಲಿ ಇದ್ದ ಸ್ಥಿತಿಯಲ್ಲೇ ಮಾರಾಟ; ಬಹಳಷ್ಟು ಕಡೆ ಸ್ಟಾರ್ಟ್ ಮಾಡಿ ನೋಡಬಹುದೇ ಹೊರತು ರಸ್ತೆಗೆ ಒಯ್ಯಲು ಬಿಡುವುದಿಲ್ಲ. ತಿಂಗಳುಗಟ್ಟಲೆ ಬಿಸಿಲು ಮಳೆಯಲ್ಲಿ ನಿಂತ ಗಾಡಿಯ ಬ್ಯಾಟರಿ, ಟೈರು, ಬ್ರೇಕ್ ಸಿಲಿಂಡರುಗಳನ್ನು ಬದಲಿಸಲೇಬೇಕೆಂದು ಲೆಕ್ಕ ಹಾಕಿಕೊಂಡು, ಬಾಕಿ ತೆರಿಗೆ ಮತ್ತು ಗಾಡಿ ಓಡಾಟಕ್ಕೆ ಯೋಗ್ಯವೆಂಬ ಪ್ರಮಾಣಪತ್ರವಾದ ಎಫ್‌ಸಿ ಯಾರ ಹೊಣೆ ಎಂಬುದನ್ನು ಬರಹದಲ್ಲಿ ಪಡೆದ ಮೇಲಷ್ಟೇ ಹರಾಜು ಕೂಗಿ.

ಯಾವ ಮೂಲದ ಗಾಡಿಯಾದರೂ ಹಿಂದೆ ಯಾವ ಬಾಡಿಗೆಗೆ ಓಡುತ್ತಿತ್ತು ಎಂದು ಕೇಳಿ. ಮೀನು, ಮರಳು, ಜಲ್ಲಿ, ಗ್ರಾನೈಟ್ ಚಪ್ಪಡಿ, ಕಬ್ಬಿಣದ ಸರಳು ಹೊತ್ತ ಗಾಡಿಗಳನ್ನು ನಾನು ನೋಡಲೂ ಹೋಗುವುದಿಲ್ಲ. ಬ್ರೆಡ್ಡು, ಔಷಧಿ, ದಿನಸಿ ಹಂಚುತ್ತಿದ್ದ ಗಾಡಿಗಳು ಕಿಲೋಮೀಟರ್ ಹೆಚ್ಚು ಓಡಿದ್ದರೂ ಚಾಸಿ ಗಟ್ಟಿಯಾಗಿರುತ್ತದೆ.

4. ಹೊರಡುವ ಮುಂಚೆ ನೋಂದಣಿ ಸಂಖ್ಯೆಯಿಂದ ತಿಳಿಯುವುದನ್ನು ತಿಳಿದುಕೊಳ್ಳಿ

ಗಾಡಿಯ ನೋಂದಣಿ ಸಂಖ್ಯೆ ಕೇಳಿ ಪಡೆದು ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ, ನೋಂದಣಿಯಾದ ದಿನಾಂಕ, ಎಫ್‌ಸಿ ಮತ್ತು ವಿಮೆಯ ಅವಧಿ, ಸಾಲದ ನಮೂದು ಇದೆಯೇ ಎಂಬುದೆಲ್ಲ ಮನೆಯಲ್ಲೇ ಕುಳಿತು ತಿಳಿಯುತ್ತದೆ. ಬಾಕಿ ದಂಡಗಳನ್ನು ಇ-ಚಲನ್ ಜಾಲತಾಣದಲ್ಲಿ ನೋಡಬಹುದು. ಸಂಖ್ಯೆ ಕೊಡಲು ಹಿಂಜರಿಯುವವರ ಗಾಡಿಯನ್ನು ನೋಡಲು ಬಸ್ಸಿನ ಹಣ ಖರ್ಚು ಮಾಡಬೇಡಿ.

ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆ ನಂತರ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. 15 ವರ್ಷ ದಾಟಿದ ವಾಣಿಜ್ಯ ವಾಹನಗಳ ಎಫ್‌ಸಿ ಶುಲ್ಕ 2022ರ ಏಪ್ರಿಲ್‌ನಿಂದ ಹಲವು ಪಟ್ಟು ಏರಿದೆ. ಅಷ್ಟು ಹಳೆಯ ಗಾಡಿ ಎಷ್ಟೇ ಅಗ್ಗವಾಗಿ ಸಿಕ್ಕರೂ ವರ್ಷ ವರ್ಷದ ಈ ಖರ್ಚು ಸೇರಿಸಿ ನೋಡಿದರೆ ಅಗ್ಗವಲ್ಲ. ಎಫ್‌ಸಿ ಮುಗಿದು ಆರು ತಿಂಗಳಾಗಿದೆ ಎಂದರೆ, ಅದನ್ನು ಪಾಸ್ ಮಾಡಿಸುವಷ್ಟು ಸ್ಥಿತಿಯಲ್ಲಿ ಗಾಡಿ ಇಲ್ಲ ಎಂದೇ ಮೊದಲು ಭಾವಿಸಿ. ಮಾರುವವರೇ ಎಫ್‌ಸಿ ಮಾಡಿಸಿ ಕೊಡಲಿ.

ಮನೆಯ ಅಂಗಳದಲ್ಲಿ ಆರ್‌ಸಿ ಕೈಯಲ್ಲಿ ಹಿಡಿದು, ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನೂ ಇಂಜಿನ್ ಸಂಖ್ಯೆಯನ್ನೂ ಒಂದೊಂದೇ ಅಕ್ಷರ ಓದಿ ತಾಳೆ ನೋಡಿ. ಚಾಸಿ ಸಂಖ್ಯೆಯ ಸುತ್ತ ಹೊಸ ಬಣ್ಣವೋ ಗ್ರೈಂಡರ್ ಗುರುತೋ ವೆಲ್ಡಿಂಗ್ ಗೆರೆಯೋ ಕಂಡರೆ ಮಾತು ಅಲ್ಲಿಗೇ ಮುಗಿಯಲಿ. ಇದರಲ್ಲಿ ರಾಜಿಯಿಲ್ಲ. 2019ರ ಏಪ್ರಿಲ್‌ಗೆ ಮುಂಚೆ ನೋಂದಣಿಯಾದ ಗಾಡಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಹಾಕಿಸಿದ್ದಾರೆಯೇ ಎಂಬುದನ್ನೂ ಇದೇ ಹೊತ್ತಿನಲ್ಲಿ ನೋಡಿ.

5. ಗಾಡಿಯ ಕೆಳಗೆ ಮಲಗಿ ನೋಡಿ

ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ. ಹಳೆಯ ಗೋಣಿಚೀಲ, ಟಾರ್ಚು, ಅಳತೆ ಟೇಪು, ಒಂದು ತುಂಡು ಸೀಮೆಸುಣ್ಣ, ತೂಗುಗುಂಡು ಕಟ್ಟಿದ ದಾರ ಜೊತೆಗಿರಲಿ. ನಂಬಿಕೆಯ ಮೆಕ್ಯಾನಿಕ್ ಇದ್ದರೆ ಅವರ ಒಂದು ದಿನದ ಕೂಲಿ ಕೊಟ್ಟು ಕರೆದೊಯ್ಯಿರಿ. ಹತ್ತಿರದಲ್ಲಿ ವಾಟರ್ ಸರ್ವಿಸ್ ರ‍್ಯಾಂಪ್ ಇದ್ದರೆ ಗಾಡಿಯನ್ನು ಅಲ್ಲಿಗೆ ಹತ್ತಿಸಿ ನೋಡುವುದು ಇನ್ನೂ ಅನುಕೂಲ.

ಚಾಸಿ ಎಂದರೆ ಮುಂದಿನಿಂದ ಹಿಂದಿನವರೆಗೆ ಹಾದುಹೋಗುವ ಎರಡು ಉದ್ದದ ತೊಲೆಗಳು ಮತ್ತು ಅವನ್ನು ಸೇರಿಸುವ ಅಡ್ಡ ತೊಲೆಗಳು. ಅತಿಭಾರ ಹೊತ್ತ ಗಾಡಿ ಮೊದಲು ಸೋಲುವ ಜಾಗಗಳು ಎರಡು: ಕ್ಯಾಬಿನ್ನಿನ ಬೆನ್ನ ಹಿಂದೆ ಲೋಡ್ ಬಾಡಿ ಆರಂಭವಾಗುವಲ್ಲಿ, ಮತ್ತು ಹಿಂದಿನ ಕಮಾನು ಪಟ್ಟಿಗಳ (ಲೀಫ್ ಸ್ಪ್ರಿಂಗ್) ಬ್ರಾಕೆಟ್ಟುಗಳು ಚಾಸಿಗೆ ಸೇರುವಲ್ಲಿ. ಅಲ್ಲಿ ಕೂದಲೆಳೆಯಂಥ ಬಿರುಕು, ಒಂದರ ಮೇಲೊಂದು ವೆಲ್ಡಿಂಗ್, ಪಕ್ಕದಲ್ಲಿ ಸೇರಿಸಿದ ಹೆಚ್ಚುವರಿ ಪಟ್ಟಿ ಇವೆಯೇ ಎಂದು ಬೆರಳಾಡಿಸಿ ನೋಡಿ. ಬೇರೆಲ್ಲ ಕಡೆ ಧೂಳು ಹಿಡಿದಿದ್ದು ಒಂದೇ ಜಾಗದಲ್ಲಿ ಕಪ್ಪು ಬಣ್ಣ ಹೊಳೆಯುತ್ತಿದ್ದರೆ ಆ ಬಣ್ಣದ ಕೆಳಗೆ ಏನೋ ಇದೆ ಎಂದೇ ಅರ್ಥ. ತುಕ್ಕಿನ ವಿಷಯದಲ್ಲಿ ಮೇಲ್ಮೈಯ ಕೆಂಪು ಪುಡಿಗೆ ಹೆದರಬೇಕಾಗಿಲ್ಲ. ಉಗುರಿನಿಂದ ಎತ್ತಿದರೆ ಪದರ ಪದರವಾಗಿ ಏಳುವ ತುಕ್ಕು, ತಟ್ಟಿದಾಗ ಟಣ್ ಎನ್ನದೆ ದಪ್ ಎನ್ನುವ ತಗಡು, ಇವು ಹೆದರಬೇಕಾದವು. ಕ್ಯಾಬಿನ್ ಮ್ಯಾಟ್ ಎತ್ತುವುದನ್ನು ಮರೆಯಬೇಡಿ. ನಾನು ಮರೆತದ್ದರ ಬೆಲೆಯನ್ನು ಮೇಲೆ ಹೇಳಿದ್ದೇನೆ.

ಚಾಸಿ ತಿರುಚಿಕೊಂಡಿದೆಯೇ ಎಂದು ತಿಳಿಯಲು ನಮ್ಮ ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರು ಕಲಿಸಿಕೊಟ್ಟ ಒಂದು ಸರಳ ವಿಧಾನವಿದೆ. ಗಾಡಿಯನ್ನು ಸಮತಟ್ಟಾದ ಸಿಮೆಂಟ್ ನೆಲದಲ್ಲಿ ನಿಲ್ಲಿಸಿ. ಮುಂದಿನ ಭಾಗದ ಎಡ ಬಲಗಳಲ್ಲಿ ಒಂದೇ ಬಗೆಯ ಎರಡು ಬೋಲ್ಟುಗಳನ್ನೂ, ಹಿಂದಿನ ಪಟ್ಟಿಯ ಬ್ರಾಕೆಟ್ಟಿನಲ್ಲಿ ಅದೇ ರೀತಿ ಎರಡು ಬೋಲ್ಟುಗಳನ್ನೂ ಗುರುತಿಸಿ, ಪ್ರತಿಯೊಂದರಿಂದ ತೂಗುಗುಂಡನ್ನು ಇಳಿಬಿಟ್ಟು ನೆಲದಲ್ಲಿ ಸೀಮೆಸುಣ್ಣದ ಚುಕ್ಕೆ ಇಡಿ. ಗಾಡಿಯನ್ನು ಮುಂದೆ ತೆಗೆದು, ಮುಂದಿನ ಎಡ ಚುಕ್ಕೆಯಿಂದ ಹಿಂದಿನ ಬಲ ಚುಕ್ಕೆಗೂ, ಮುಂದಿನ ಬಲದಿಂದ ಹಿಂದಿನ ಎಡಕ್ಕೂ ಟೇಪು ಹಿಡಿಯಿರಿ. ಎರಡು ಕರ್ಣಗಳೂ ಸಮನಾಗಿರಬೇಕು. ಎರಡು ಮೂರು ಮಿಲಿಮೀಟರಿನ ವ್ಯತ್ಯಾಸ ನಮ್ಮ ಅಳತೆಯ ತಪ್ಪಿರಬಹುದು. ಬೆರಳಿನಗಲ ವ್ಯತ್ಯಾಸ ಬಂದರೆ ಆ ಗಾಡಿ ಎಲ್ಲೋ ಜೋರಾಗಿ ಗುದ್ದಿದೆ ಅಥವಾ ಮಗುಚಿದೆ.

ಮುಂದೆ ಕಮಾನು ಪಟ್ಟಿಗಳನ್ನು ಎಣಿಸಿ. ಕಂಪನಿ ಕೊಟ್ಟದ್ದಕ್ಕಿಂತ ಒಂದೆರಡು ಪ್ಲೇಟು ಹೆಚ್ಚಿದ್ದರೆ ಆ ಗಾಡಿ ಸದಾ ಅತಿಭಾರಕ್ಕೇ ಸಿದ್ಧವಾಗಿತ್ತು ಎಂದು ತಿಳಿಯಿರಿ. ಪ್ಲೇಟು ಸೇರಿಸಿದ ಮಾತ್ರಕ್ಕೆ ಆಕ್ಸಲ್, ಬ್ರೇಕು, ಬೇರಿಂಗ್‌ಗಳ ಶಕ್ತಿ ಹೆಚ್ಚುವುದಿಲ್ಲ; ಅವು ಆ ಭಾರವನ್ನು ತಿಂದು ಸವೆದಿರುತ್ತವೆ. ಪಟ್ಟಿಗಳು ಕಮಾನಿನಂತೆ ಬಾಗಿರಬೇಕು, ಖಾಲಿ ಗಾಡಿಯಲ್ಲೇ ಚಪ್ಪಟೆಯಾಗಿರಬಾರದು. ಹಿಂದಿನ ಆಕ್ಸಲ್ ನಡುವಿನ ಗೇರುಗಳನ್ನು ಮುಚ್ಚಿದ ಕ್ರೌನ್ ಹೌಸಿಂಗಿನ ಕೆಳಗೆ ಎಣ್ಣೆ ಜಿನುಗಿದೆಯೇ, ಹಿಂದಿನ ಚಕ್ರಗಳ ಒಳಬದಿಯಲ್ಲಿ ಎಣ್ಣೆಯ ಕಲೆ ಇದೆಯೇ ನೋಡಿ. ಸೀಲ್ ಹೋಗಿ ಎಣ್ಣೆ ಬ್ರೇಕ್ ಲೈನರಿಗೆ ತಾಗಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿದಾಗ ಜಾಯಿಂಟಿನಲ್ಲಿ ಟಕ್ ಟಕ್ ಎಂಬ ಆಟ ತಿಳಿಯುತ್ತದೆ. ಇದು ಚಿಕ್ಕ ಖರ್ಚು, ಚೌಕಾಸಿಗೆ ಉಪಯೋಗಕ್ಕೆ ಬರುವ ದೋಷ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಸಂಖ್ಯೆಯಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಬಟನ್ (ನೆಲಕ್ಕೆ ತಾಗುವ ಮೈಯ ಉಬ್ಬುಗಳು) ಸವೆಯದೆ ಇದ್ದರೂ ಆರೇಳು ವರ್ಷದ ಟೈರಿನ ಮೇಲೆ ಲೋಡ್ ಹಾಕಬಾರದು. ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಜ್ಯಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಅಲುಗಾಡಿಸಿ, ಬೇರಿಂಗ್ ಮತ್ತು ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್ನಿನ ಆಟ ಪರೀಕ್ಷಿಸಿ.

6. ತಣ್ಣಗಿರುವ ಇಂಜಿನ್ನನ್ನೇ ಸ್ಟಾರ್ಟ್ ಮಾಡಿ

ನಾವು ಬರುವ ಮುಂಚೆ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಫೋನಿನಲ್ಲೇ ಹೇಳಿರಿ. ತಲುಪಿದ ಕೂಡಲೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ. ಬಿಸಿಯಾಗಿದ್ದರೆ ಚಹಾ ಕುಡಿದು, ಕಾಗದ ಪತ್ರ ನೋಡುತ್ತ ಅದು ಆರುವವರೆಗೆ ಕಾಯಿರಿ, ಏಕೆಂದರೆ ಕಂಪ್ರೆಷನ್ ಹೋದ ಡೀಸೆಲ್ ಇಂಜಿನ್ ಬಿಸಿಯಿದ್ದಾಗ ಸುಲಭವಾಗಿ ಹತ್ತಿಕೊಂಡು ತನ್ನ ದೋಷವನ್ನು ಮುಚ್ಚಿಡುತ್ತದೆ. ಸ್ಟಾರ್ಟ್ ಮಾಡುವ ಮುಂಚೆ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಕೂಲೆಂಟ್ ಮೇಲೆ ಎಣ್ಣೆಯ ಪೊರೆ ತೇಲುತ್ತಿದ್ದರೆ, ಅಥವಾ ಇಂಜಿನ್ ಆಯಿಲ್ ಕಾಫಿಗೆ ಹಾಲು ಬೆರೆಸಿದ ಬಣ್ಣದಲ್ಲಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಅಥವಾ ಹೆಡ್ ಬಿರಿದಿದೆ. ಕೂಲೆಂಟ್ ಬದಲು ಬರೀ ಬೋರ್‌ವೆಲ್ ನೀರು ತುಂಬಿಸಿದ್ದರೆ ಒಳಗೆ ಕಿಟ್ಟ ಕಟ್ಟಿರುತ್ತದೆ.

ಸೆಲ್ಫ್ ಹೊಡೆದಾಗ ಎರಡು ಮೂರು ಸೆಕೆಂಡಿನಲ್ಲಿ ಹತ್ತಿಕೊಳ್ಳಬೇಕು. ಆರಂಭದ ಒಂದು ಬುಸ್ಸೆಂಬ ಹೊಗೆ ಸಾಮಾನ್ಯ. ನಿಲ್ಲದೆ ಬರುವ ನೀಲಿ ಹೊಗೆ ಇಂಜಿನ್ ಆಯಿಲ್ ಸುಡುತ್ತಿರುವುದರ ಗುರುತು; ಬಿಸಿಯಾದ ಮೇಲೂ ಬರುವ ದಟ್ಟ ಬಿಳಿ ಹೊಗೆ ಕೂಲೆಂಟ್ ಒಳಸೇರುತ್ತಿರುವುದರ ಅಥವಾ ಡೀಸೆಲ್ ಪೂರ್ತಿ ಉರಿಯದಿರುವುದರ ಗುರುತು; ಆಕ್ಸಿಲರೇಟರ್ ಒತ್ತಿದಾಗ ಏಳುವ ಕಪ್ಪು ಹೊಗೆ ಏರ್ ಫಿಲ್ಟರಿನಿಂದ ಹಿಡಿದು ಇಂಜೆಕ್ಟರ್, ಟರ್ಬೊವರೆಗೆ ಯಾವುದರದ್ದಾದರೂ ಆಗಿರಬಹುದು. ಇಂಜಿನ್ ಬಿಸಿಯಾದ ನಂತರ ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿ, ಅದನ್ನು ಆ ಬಾಯಿಯ ಮೇಲೆ ಸಡಿಲವಾಗಿ ಇಟ್ಟು ನೋಡಿ. ಮುಚ್ಚಳ ಸುಮ್ಮನೆ ನಡುಗುತ್ತ ಕುಳಿತಿದ್ದರೆ ಚಿಂತೆಯಿಲ್ಲ. ಕುಣಿದು ಹಾರಿಬಿದ್ದು, ಬಾಯಿಂದ ರೈಲಿನಂತೆ ಹೊಗೆ ಬಂದರೆ ಅದನ್ನೇ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಎನ್ನುವುದು. ರಿಂಗು, ಬೋರು ಸವೆದು ಇಂಜಿನ್ ಬಿಚ್ಚಿ ದುರಸ್ತಿ ಮಾಡಿಸುವ ಹಂತಕ್ಕೆ ಬಂದಿದೆ ಎಂದರ್ಥ, ಮತ್ತು ಅದು ಕೊಳ್ಳುವ ಬೆಲೆಯನ್ನೇ ಬದಲಿಸುವಷ್ಟು ದೊಡ್ಡ ಖರ್ಚು.

ಮೀಟರಿನ ಅಂಕಿಯನ್ನು ಬದುಕಿನ ಲೆಕ್ಕದ ಜೊತೆ ತೂಗಿ ನೋಡಿ. ದಿನಕ್ಕೆ 80 ಕಿಲೋಮೀಟರ್ ಹಾಲಿನ ರೂಟಿನಲ್ಲಿ ಓಡಿದ ಗಾಡಿ ವರ್ಷಕ್ಕೆ 29,000 ದಾಟುತ್ತದೆ, ಆರು ವರ್ಷಕ್ಕೆ ಒಂದೂ ಮುಕ್ಕಾಲು ಲಕ್ಷ. ಅಂಥ ಗಾಡಿಯ ಮೀಟರ್ 60,000 ತೋರಿಸುತ್ತಿದ್ದರೆ ಅದನ್ನು ಹಿಂದಕ್ಕೆ ತಿರುಗಿಸಿದ್ದಾರೆ ಅಥವಾ ಮೀಟರ್ ಬಹಳ ಕಾಲ ಕೆಟ್ಟಿತ್ತು. ಪೆಡಲಿನ ರಬ್ಬರ್ ಸವೆದು ಕಬ್ಬಿಣ ಹೊಳೆಯುತ್ತಿರುವುದು, ಗೇರ್ ಹಿಡಿ ನುಣುಪಾಗಿರುವುದು ಮೀಟರಿಗಿಂತ ಸತ್ಯ ಹೇಳುತ್ತವೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಸರ್ವಿಸ್ ಆದ ಗಾಡಿಯಾದರೆ ಮಾಲೀಕರ ಒಪ್ಪಿಗೆಯೊಂದಿಗೆ ಅಲ್ಲಿನ ದಾಖಲೆ ನೋಡಲು ಕೇಳಿ.

7. ಖಾಲಿ ಓಡಿಸಿ, ಲೋಡ್ ಹಾಕಿಯೂ ಓಡಿಸಿ

ಖಾಲಿ ಪಿಕಪ್ ಎಲ್ಲವೂ ಚೆನ್ನಾಗಿಯೇ ಓಡುತ್ತದೆ. ಸಾಧ್ಯವಿದ್ದರೆ ಹತ್ತು ಹದಿನೈದು ಚೀಲ ಗೊಬ್ಬರವನ್ನೋ ಅಷ್ಟೇ ತೂಕದ ಮತ್ತೇನನ್ನೋ ಹಾಕಿಸಿ, ಏರಿರುವ ದಾರಿಯಲ್ಲಿ ಓಡಿಸಲು ಒಪ್ಪಿಗೆ ಕೇಳಿ. ಅದರ ಖರ್ಚನ್ನು ನೀವೇ ಕೊಡಿ. ಏರಿನ ನಡುವೆ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಿದರೆ ಗಾಡಿ ಜಾರಬಾರದು. ಅಲ್ಲಿಂದ ಮೊದಲ ಗೇರಿನಲ್ಲಿ ಎಬ್ಬಿಸಿದಾಗ ಇಂಜಿನ್ ಸದ್ದು ಏರಿ ಗಾಡಿ ಮಾತ್ರ ಮುಂದೆ ಹೋಗದಿದ್ದರೆ, ಸುಟ್ಟ ವಾಸನೆ ಬಂದರೆ, ಕ್ಲಚ್ ಪ್ಲೇಟ್ ಮುಗಿದಿದೆ. ಸಮತಟ್ಟು ರಸ್ತೆಯಲ್ಲಿ 50ರಿಂದ 60ರ ವೇಗದಲ್ಲಿ ಹಿಂದಿನಿಂದ ಗುಂಯ್ ಎನ್ನುವ ಸದ್ದು ಬರುತ್ತಿದ್ದು, ಆಕ್ಸಿಲರೇಟರ್ ಬಿಟ್ಟಾಗ ಆ ಸದ್ದಿನ ರಾಗ ಬದಲಾದರೆ ಕ್ರೌನ್ ಪಿನಿಯನ್ ಸವೆದಿದೆ. ಇಳಿಜಾರಿನಲ್ಲಿ ಗೇರ್ ತಾನಾಗಿ ಹೊರಬಿದ್ದರೆ ಗೇರ್ ಬಾಕ್ಸ್ ಬಿಚ್ಚಬೇಕು. ಖಾಲಿ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದು, ಗಾಡಿ ಯಾವ ಪಕ್ಕಕ್ಕೆ ಎಳೆಯುತ್ತದೆ ನೋಡಿ. ನಾಲ್ಕು ಚಕ್ರದ ಎಳೆತವಿದ್ದರೆ ಅದನ್ನು ಡಾಂಬರಿನ ಮೇಲೆ ಪರೀಕ್ಷಿಸದೆ ಸಡಿಲ ಮಣ್ಣಿನಲ್ಲಿ ಹಾಕಿ ನೋಡಿ.

ಓಡಿಸಿ ಬಂದ ಮೇಲೆ ಇಂಜಿನ್ ಆರಿಸದೆ ಹತ್ತು ನಿಮಿಷ ಬಿಡಿ. ಟೆಂಪರೇಚರ್ ಮುಳ್ಳು ಏರುತ್ತಲೇ ಹೋದರೆ, ಕೆಳಗೆ ಹೊಸ ತೊಟ್ಟು ಬಿದ್ದಿದ್ದರೆ, ಅದನ್ನು ಬರೆದುಕೊಳ್ಳಿ.

8. ಬೆಲೆ

ಕಂಡ ದೋಷಗಳ ಪಟ್ಟಿಯನ್ನು ಮೆಕ್ಯಾನಿಕ್ ಜೊತೆ ಕುಳಿತು ಹಣಕ್ಕೆ ತಿರುಗಿಸಿ, ಅದೇ ವರ್ಷದ ಅದೇ ಮಾದರಿಯ ಮೂರು ನಾಲ್ಕು ಗಾಡಿಗಳ ಬೆಲೆಯ ಜೊತೆ ಹೋಲಿಸಿ. ಟೈರು, ಕ್ಲಚ್, ಬ್ಯಾಟರಿ, ಜಾಯಿಂಟ್, ಬ್ರೇಕ್ ಇವು ಹಣದಿಂದ ಸರಿಯಾಗುವ ದೋಷಗಳು. ಬೆಲೆ ಇಳಿಸಿಕೊಂಡು ಕೊಳ್ಳಬಹುದು. ಚಾಸಿಯ ಬಿರುಕು, ಕೊಳೆತ ತುಕ್ಕು, ತಾಳೆಯಾಗದ ಸಂಖ್ಯೆ ಇವುಗಳಿಗೆ ಯಾವ ರಿಯಾಯಿತಿಯೂ ಸಾಲದು. ನಿಮ್ಮ ಬಳಿಯಿರುವ ಹಣದಲ್ಲಿ ಐದರಲ್ಲಿ ಒಂದು ಪಾಲನ್ನು ಮೊದಲ ಮೂರು ತಿಂಗಳ ದುರಸ್ತಿಗೆಂದು ಎತ್ತಿಟ್ಟು, ಉಳಿದದ್ದರಲ್ಲಿ ಮಾತ್ರ ಗಾಡಿ ಹುಡುಕಿ.

9. ಹೆಸರಿಗೆ ಮಾಡಿಸಿಕೊಳ್ಳುವುದು ಮತ್ತು ವಿಮೆ

ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಆ ನಮೂದನ್ನು ತೆಗೆಸುವ ಫಾರಂ 35 ಕೈಗೆ ಬಂದ ಮೇಲಷ್ಟೇ ಪೂರ್ತಿ ಹಣ ಕೊಡಿ. ವರ್ಗಾವಣೆಗೆ ಫಾರಂ 29ರ ಎರಡು ಪ್ರತಿ ಮತ್ತು ಫಾರಂ 30 ಬೇಕು. ಹೊರರಾಜ್ಯದ ಗಾಡಿಗೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಮೇಲೆ ನಮ್ಮ ರಾಜ್ಯದ ತೆರಿಗೆ ಮತ್ತು ಮರುನೋಂದಣಿಯ ಓಡಾಟ ಇರುತ್ತದೆ. ಕಾಯ್ದೆಯ ಪ್ರಕಾರ ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮಾರುವವರಿಗೂ ಇದು ಮುಖ್ಯ: ಅಪಘಾತವಾದರೆ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಳೆಯ ಸಹಿ ಮಾಡಿದ ಫಾರಂಗಳನ್ನು ಬೀರುವಿನಲ್ಲಿಟ್ಟು ವರ್ಷಗಟ್ಟಲೆ ಓಡಿಸುವ ರೂಢಿ ಎರಡೂ ಕಡೆಯವರಿಗೆ ಅಪಾಯ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ವಿಮಾ ಕಂಪನಿಗೆ ಅರ್ಜಿ ಕೊಡಿ. ಓಡಿಸಲು ಲಘು ವಾಹನದ ಲೈಸೆನ್ಸ್ ಸಾಕು. ಒಟ್ಟು ತೂಕ 7,500 ಕಿಲೋವರೆಗಿನ ಸರಕು ವಾಹನಕ್ಕೂ ಅದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಎತ್ತಿಹಿಡಿದಿದೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ನಾಟಿ, ಕೊಯ್ಲಿನ ದಿನಗಳಲ್ಲಿ ಕೂಲಿಯವರನ್ನು ಲೋಡ್ ಬಾಡಿಯಲ್ಲಿ ನಿಲ್ಲಿಸಿಕೊಂಡು ಹೋಗುವುದು ನಮ್ಮ ಕಡೆ ಎಲ್ಲೆಲ್ಲೂ ಕಾಣುತ್ತದೆ. ಸರಕು ವಾಹನದಲ್ಲಿ ಸುಮ್ಮನೆ ಪ್ರಯಾಣಿಕರಾಗಿ ಹೋದವರಿಗೆ ವಿಮೆಯ ರಕ್ಷಣೆಯಿಲ್ಲ. ಗಾಡಿ ಮಗುಚಿದರೆ ಸಾಯುವವರು ನಮ್ಮ ಹೊಲದಲ್ಲಿ ದುಡಿಯಲು ಬಂದ ತಾಯಂದಿರು. ಅವರ ಮಕ್ಕಳಿಗೆ ಪರಿಹಾರ ಕೊಡುವ ಹೊಣೆ ಮಾಲೀಕನ ಜಮೀನಿನ ಮೇಲೆ ಬರುತ್ತದೆ. ಜನರನ್ನು ಕರೆತರಬೇಕಾದವರು ಎರಡು ಸಾಲು ಸೀಟಿನ ಕ್ಯಾಂಪರ್ ಮಾದರಿಯನ್ನು ನೋಡಲಿ, ಅದರಲ್ಲಿಯೂ ಆರ್‌ಸಿಯಲ್ಲಿ ಬರೆದಷ್ಟೇ ಜನರನ್ನು ಕೂರಿಸಲಿ.

10. ಮನೆಗೆ ತಂದ ಮೊದಲ ವಾರ

ಹಿಂದಿನವರು ಮೊನ್ನೆಯಷ್ಟೇ ಆಯಿಲ್ ಬದಲಿಸಿದ್ದೇವೆ ಎಂದಿದ್ದರೂ ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಗೇರ್ ಆಯಿಲ್, ಕ್ರೌನ್ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್ ಎಲ್ಲವನ್ನೂ ಒಂದೇ ಸಲ ಬದಲಿಸಿ, ಆ ದಿನದ ಕಿಲೋಮೀಟರನ್ನು ಬಾಗಿಲ ಒಳಬದಿಯಲ್ಲಿ ಪೇಂಟಿನಿಂದ ಬರೆದಿಡಿ. ಹಳೆಯ ಕ್ರೌನ್ ಆಯಿಲನ್ನು ಬಿಳಿಯ ತಟ್ಟೆಗೆ ಸುರಿಸಿ ನೋಡಿದರೆ ಲೋಹದ ಹೊಳೆಯುವ ಚೂರುಗಳು ಇವೆಯೇ ಎಂಬುದು ತಿಳಿಯುತ್ತದೆ. ಗ್ರೀಸ್ ನಿಪ್ಪಲ್‌ಗಳಿಗೆಲ್ಲ ಗ್ರೀಸ್ ಹೊಡೆಸಿ. ನಾಲ್ಕೂ ಚಕ್ರ ಬಿಚ್ಚಿಸಿ ಬ್ರೇಕ್ ಲೈನರ್, ಸಿಲಿಂಡರ್ ನೋಡಿಸಿ. ಸ್ಟೆಪ್ನಿ, ಜ್ಯಾಕ್, ಹಿಂದಿನ ಕೆಂಪು ಪ್ರತಿಫಲಕ ಪಟ್ಟಿ ಇವು ರಾತ್ರಿ ಮಾರುಕಟ್ಟೆಗೆ ಹೋಗುವವರಿಗೆ ಅನಿವಾರ್ಯ.

ಮೊದಲ ಐದಾರು ಬಾರಿ ಆರ್‌ಸಿಯಲ್ಲಿರುವ ತೂಕದ ಅರ್ಧದಷ್ಟನ್ನೇ ಹಾಕಿ, ಪ್ರತಿ ಬಾರಿ ಬಂದ ಮೇಲೆ ಆಯಿಲ್ ಮಟ್ಟ, ಕೂಲೆಂಟ್ ಮಟ್ಟ, ತುಂಬಿಸಿದ ಡೀಸೆಲ್ ಇಷ್ಟನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. 500 ಕಿಲೋಮೀಟರ್ ಆದ ಮೇಲೆ ಗ್ಯಾರೇಜಿಗೆ ಒಯ್ದು ಕಮಾನು ಪಟ್ಟಿಯ ಯು-ಬೋಲ್ಟುಗಳನ್ನೂ ಚಕ್ರದ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿ ಮಾಡಿಸಿ. ಆ ಬಳಿಕ ಪೂರ್ತಿ ಲೋಡ್ ಹಾಕಬಹುದು.